ಕೋಡಿಯ ಮೂರು ಕಲ್ಲು

ನಾನು ಚಿಕ್ಕವಳಿದ್ದಾಗ, ಅಂದರೆ ಒಂಬತ್ತು ವರ್ಷದವಳಿದ್ದಾಗ ನಡೆದದ್ದು ಇದು, ಮಕ್ಕಳೇ. ಐವತ್ತು ವರ್ಷದ ಹಿಂದಿನ ಮಾತು.

ನಮ್ಮದು ಇಳಿಜಾರಿನ ಹೊಲ. ಮೇಲೆ ನಿಂತು ಕುಂಬಳಕಾಯಿ ಉರುಳಿಸಿದರೆ ಕೆಳಗೆ ದೊಡ್ಡಪ್ಪನ ಹೊಲದಲ್ಲಿ ಹೋಗಿ ನಿಲ್ಲುತ್ತಿತ್ತು. ಮಣ್ಣು ಅದೇ ದಾರಿ ಹಿಡಿಯಬಾರದೆಂದು ಅಪ್ಪ ಹೊಲಕ್ಕೆ ಅಡ್ಡಲಾಗಿ ಬದು ಹಾಕಿದ್ದ. ಬದುವಿನ ಒಂದು ಕಡೆ ಮಾತ್ರ ತಗ್ಗಿಸಿ ಕಲ್ಲು ಜೋಡಿಸಿದ್ದ. ಅದೇ ಕೋಡಿ. ಮಳೆ ಜೋರಾದರೆ ಹೆಚ್ಚಾದ ನೀರು ಆ ಕಲ್ಲಿನ ಮೇಲೆ ಹರಿದುಹೋಗಬೇಕು, ಮಣ್ಣು ಒಳಗೇ ಉಳಿಯಬೇಕು.

ಆ ಬೇಸಿಗೆಯಲ್ಲಿ ಅಕ್ಕನೂ ನಾನೂ ಹೊಂಗೆ ಮರದ ಕೆಳಗೆ ಹುಣಿಸೆ ಬೀಜ ಹುರಿದು ತಿನ್ನುತ್ತಿದ್ದೆವು. ಒಲೆಗೆ ಕಲ್ಲು ಬೇಕಲ್ಲ, ಕೋಡಿಯಿಂದ ಮೂರು ಕಿತ್ತು ತಂದೆ. ಬೀಜ ಚಟಪಟ ಸಿಡಿಯುತ್ತಿತ್ತು, ಹೊಗೆಗೆ ಕಣ್ಣು ಉರಿಯುತ್ತಿತ್ತು, ಸಿಪ್ಪೆ ಬಿಡಿಸುವಷ್ಟರಲ್ಲಿ ಬೆರಳು ಸುಡುತ್ತಿತ್ತು. ಕಲ್ಲು ತಿರುಗಿ ಇಡುವುದು ಮರೆತೇಹೋಯಿತು.

ವರ್ಷವೆಲ್ಲ ಕೂಡಿಟ್ಟ ತಿಪ್ಪೆ ಗೊಬ್ಬರವನ್ನು ಅಪ್ಪ ರಾಗಿಗೆಂದು ಗಾಡಿಯಲ್ಲಿ ತಂದು ಹೊಲಕ್ಕೆ ಹರಡಿದ. ಎರಡು ದಿನಕ್ಕೆ ಕಾಕನಕೋಟೆ ಕಡೆಯಿಂದ ಕಪ್ಪು ಮೋಡ ಎದ್ದು, ಬೆಳಿಗ್ಗೆಯೇ ಸುರಿಯಿತು. ನಿಂತ ಮೇಲೆ ಹೋಗಿ ನೋಡಿದರೆ ಕೋಡಿ ಇದ್ದ ಕಡೆ ಎಮ್ಮೆ ನುಗ್ಗುವಷ್ಟು ಬಾಯಿ. ಗೊಬ್ಬರ, ಮೇಲ್ಮಣ್ಣು ಎಲ್ಲ ದೊಡ್ಡಪ್ಪನ ಹೊಲದಲ್ಲಿ ಮಲಗಿತ್ತು. ನಮ್ಮದರಲ್ಲಿ ಉಳಿದದ್ದು ಬರೀ ನೊರಜುಕಲ್ಲು.

ಗೊಬ್ಬರ ತುಂಬಿ ತರಲು ಅಪ್ಪ ಬಿದಿರಿನ ಮಂಕರಿ ಹಿಡಿದು ಕೆಳಗಿಳಿದ. ದೊಡ್ಡಪ್ಪ ಅಡ್ಡ ನಿಂತ.

“ಏನ್ಲಾ ತಮ್ಮ, ನಿನ್ ತಿಪ್ಪೆ ತಾನಾಗೇ ನಡ್ಕಂಡು ಬಂದದೆ. ಬಂದ ಲಕ್ಷ್ಮೀನ ಆಚೆಗೆ ಕಳಿಸಕ್ಕಾಯ್ತದಾ?”

ಮಳೆ ತಂದ ಮಣ್ಣು ಕೆಳಗಿನ ಹೊಲದ್ದು ಎಂಬುದು ನಮ್ಮೂರ ಕಟ್ಟಳೆ. ಅಪ್ಪ ಖಾಲಿ ಮಂಕರಿ ಕೆಳಗಿಟ್ಟ. ಗೊಬ್ಬರವಿಲ್ಲದ ಆ ಹೊಲಕ್ಕೆ ರಾಗಿ ಬಿತ್ತಿದರೆ ಮೊಣಕಾಲುದ್ದವೂ ಬರುತ್ತಿರಲಿಲ್ಲ. ವರ್ಷಪೂರ್ತಿ ನಮ್ಮ ಮುದ್ದೆಗೆ ಇದ್ದದ್ದು ಅದೊಂದೇ ಹೊಲ.

ಅಕ್ಕ ನನ್ನ ತೋಳು ಚಿವುಟಿ, “ಬಾಯ್ ಬುಟ್ಟೀಯ, ಸಿಗ್ದಾಕ್ಬುಡ್ತೀನಿ” ಎಂದು ಪಿಸುಗುಟ್ಟಿದಳು. ನಾನು ಬಾಯಿ ಬಿಟ್ಟೆ.

“ಮಳೆ ಅಲ್ಲ ದೊಡ್ಡಪ್ಪ. ನಾನೇಯ ಕೋಡಿ ಕಲ್ಲ ಕಿತ್ತಿದ್ದು, ಒಲೆಗೆ.”

ಅಪ್ಪನ ಕೈ ಮೇಲೆದ್ದಿತು. ದೊಡ್ಡಪ್ಪ ಅದನ್ನು ಹಿಡಿದು ನಕ್ಕ. “ಬುಡ್ಲಾ. ಅಂಗಾದ್ರೆ ಇದು ಮಳೆ ತಂದಿದ್ದಲ್ಲ, ಈ ಮೂದೇವಿ ಚೆಲ್ಲಿದ್ದು. ಚೆಲ್ದೋಳೇ ಬಳ್ಕಳ್ಳಿ. ನಾಳೆ ಹೊತ್ತು ಮುಳುಗೋಗಂಟ ಇವಳ ತಲೆ ಮೇಲೆ ಎಷ್ಟೋಯ್ತದೋ ಅಷ್ಟು ನಿಮ್ದು. ನೀನು ಒಂದು ಮಂಕರೀನೂ ಹೊರಂಗಿಲ್ಲ ಕಣ.”

ಅವತ್ತು ಕತ್ತಲಾಗುವವರೆಗೆ ಹೊತ್ತೆ. ಗೊಬ್ಬರದ ನೀರು ಕೆನ್ನೆ ಮೇಲೆ ಇಳಿದು ಬಾಯಿಗೆ ಬರುತ್ತಿತ್ತು. ಅಕ್ಕ ಮಂಕರಿ ತುಂಬಿಕೊಟ್ಟಳು. ತುಂಬಿದಾಗಲೆಲ್ಲ ‘ಕತ್ತೆ’ ಅಂದಳು. ಅಪ್ಪ ಮಸಿ ಹಿಡಿದ ಮೂರು ಕಲ್ಲು ತಂದು ಕೋಡಿ ಕಟ್ಟುತ್ತಿದ್ದ.

ಈಗ ನಿಮಗೆ ಜೆಸಿಬಿ ಬಂದು ಅರ್ಧ ದಿನದಲ್ಲಿ ಬದು ಹಾಕಿಕೊಡುತ್ತದೆ. ಗೊಬ್ಬರ ಚೀಲದಲ್ಲಿ ಬರುತ್ತದೆ. ಹುಣಿಸೆ ಬೀಜ ಯಾರಿಗೂ ಬೇಡ, ಪೊಟ್ಟಣದ ಚಿಪ್ಸು ಬೇಕು. ಆ ರುಚಿ ಅದಕ್ಕೆ ಬರುವುದಿಲ್ಲ ಬಿಡಿ. ನೀರು ಮಾತ್ರ ಹಳೆಯ ದಾರಿಯಲ್ಲೇ ಇಳಿಯುತ್ತದೆ. ನಿಮ್ಮ ಕ್ರಿಕೆಟ್ಟಿನ ವಿಕೆಟ್ಟಿಗೆ ಯಾವ ಕಲ್ಲು ಬಂದಿದೆ ಎಂದು ನಾನು ನೋಡಿದ್ದೇನೆ. ಹೊಡೆಯುವುದಿಲ್ಲ. ಮೋಡ ಏಳುವ ಮೊದಲು ತಿರುಗಿ ಇಟ್ಟು ಬನ್ನಿ.

ಆ ಮಳೆಯ ಮಾರನೆಯ ಬೆಳಿಗ್ಗೆ ನನ್ನ ಕತ್ತು ಅತ್ತಿತ್ತ ತಿರುಗಲಿಲ್ಲ. ಅಕ್ಕ ಹಳೆಯ ಸೀರೆ ಚೂರನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟಳು. ದೊಡ್ಡಪ್ಪ ಎದ್ದು ಹೊಲಕ್ಕೆ ಬರುವಷ್ಟರಲ್ಲಿ ಹನ್ನೊಂದು ಮಂಕರಿ ಮೇಲಕ್ಕೆ ಹೊತ್ತಿದ್ದೆ.