ಯಾವ ವೈರು ಎಂದು ಕೇಳಿದಿರಿ

ಸದಾಶಿವಣ್ಣ, ಸಲ್ವಾದ ಕಟ್ಟಡದಲ್ಲಿ ತಪ್ಪು ನಿಮ್ಮದೆಂದು ಹೇಳಿದವಳು ನಾನು. ತಪ್ಪು ನನ್ನದಾಗಿತ್ತು. ಆಮೇಲೆ ತಿಳಿದದ್ದೂ ಅಲ್ಲ — ಬಾಯಿ ತೆರೆಯುವ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಇದನ್ನು ನಿಮ್ಮ ಮನೆಯವರೂ ಓದಬೇಕು, ಅವರಿಗೂ ಅರ್ಥವಾಗಬೇಕು. ಇಲ್ಲಿ, ಈ ಅರಬರ ನಾಡಿನಲ್ಲಿ, ನಾವು ಪ್ರಯೋಗಾಲಯದವರು ಸಲ್ವಾದ ಒಂದು ಕಟ್ಟಡದ ಹನ್ನೆರಡು ಕೋಣೆಗಳಲ್ಲಿ ಹನ್ನೆರಡು ಪುಟ್ಟ ಕಂಪ್ಯೂಟರುಗಳನ್ನು ಕೂರಿಸಿದ್ದೆವು. ನೀವು ಅವನ್ನು ಡಬ್ಬಿ ಎಂದೇ ಕರೆಯುತ್ತಿದ್ದಿರಿ. ಕೋಣೆಯ ಸೆಖೆ ಅಳೆಯುವುದು, ಎಸಿ ಹಚ್ಚುವುದು, ಆರಿಸುವುದು ಅವುಗಳ ಕೆಲಸ. ಅವಕ್ಕೆ ಯಜಮಾನ ಯಾರೂ ಇಲ್ಲ. ಕರೆಂಟು ಉಳಿಸಲು ಈಗ ಯಾರ ಎಸಿ ನಿಲ್ಲಬೇಕು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ತೀರ್ಮಾನಿಸಬೇಕು. ಅದೇ ನಮ್ಮ ಸಂಶೋಧನೆ. ಪ್ರೋಗ್ರಾಮ್ ಬರೆದವಳು ನಾನು. ಗುತ್ತಿಗೆ ಕಂಪನಿಯಿಂದ ಬಂದು ಗೋಡೆಗೆ ಕೂರಿಸಿ ಎಸಿಗೆ ಜೋಡಿಸಿದವರು ನೀವು.

ಶುಕ್ರವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ನಾನು ಫಹಾಹೀಲ್‌ನ ಆ ಮೀನೂಟದ ಹೋಟೆಲಿಗೆ ಬರುತ್ತಿದ್ದೆ. ನೀವು ಮೊದಲೇ ಬಂದು ಕಿಟಕಿ ಬದಿಯ ಮೇಜು ಹಿಡಿದಿರುತ್ತಿದ್ದಿರಿ. ನನ್ನ ಲ್ಯಾಪ್‌ಟಾಪ್ ಕಂಡರೆ ನಿಮಗೆ ತಮಾಷೆ. "ಎಂತ ಬಾಯಮ್ಮ, ನಿಮ್ಮ ಗಡಿಯಾರ ಇನ್ನೂ ಶಿರ್ವದಲ್ಲೇ ಉಂಟಲ್ಲ?" ಹೌದು, ಅದರಲ್ಲಿ ಊರಿನ ಸಮಯವೇ ಇತ್ತು. ಶಿರ್ವದಲ್ಲಿ ಅಕ್ಕನ ಮನೆಯಲ್ಲಿರುವ ಮಗಳು ನಾಲ್ಕು ಗಂಟೆಗೆ ಶಾಲೆಯಿಂದ ಬರುತ್ತಾಳೆ, ಇಲ್ಲಿ ಆಗ ಒಂದೂವರೆ. ಕೆಲಸದ ನಡುವೆ ಲೆಕ್ಕ ಹಾಕುತ್ತಾ ಕೂರಲು ನನಗೆ ತಾಳ್ಮೆಯಿಲ್ಲ, ಅದಕ್ಕೇ ಹಾಗೆ ಇಟ್ಟುಕೊಂಡಿದ್ದೆ. ನಮ್ಮವರು ಎಷ್ಟೋ ಮಂದಿ ಇಟ್ಟುಕೊಳ್ಳುತ್ತಾರೆ.

ಟೆರೇಸಿನ ಮೇಲಿನ ಕೋಣೆ ಕರೀಂ ಭಾಯಿಯದು, ಕಟ್ಟಡ ಕಾಯುವವನದು. ನಾಲ್ಕು ಗಂಟೆಗೆ ಅವನು ಕೆಳಗೆ ಗೇಟಿಗೆ ಇಳಿದರೆ ಒಂಬತ್ತಕ್ಕೇ ಮೇಲೆ ಬರುವುದು. ಆದ್ದರಿಂದ ಆ ಹೊತ್ತಿನಲ್ಲಿ ಅವನ ಎಸಿ ಆರಿರಲಿ ಎಂದು ಬರೆದಿದ್ದೆ. ಅಲ್ಲಿ ಇಂಟರ್‌ನೆಟ್ ಸಿಗುತ್ತಿರಲಿಲ್ಲ, ಡಬ್ಬಿಗಳು ತಾವೇ ಸಮಯ ತಿಳಿಯುವಂತಿರಲಿಲ್ಲ. ಪರೀಕ್ಷೆ ಶುರುವಾಗುವ ದಿನ ಬೆಳಿಗ್ಗೆ ನಾನೇ ಮೇಲೆ ಹತ್ತಿ, ಅವನ ಡಬ್ಬಿಗೆ ಲ್ಯಾಪ್‌ಟಾಪ್ ಜೋಡಿಸಿ ಸಮಯ ಕೊಟ್ಟೆ. ಉಳಿದ ಹನ್ನೊಂದೂ ಅದನ್ನು ಕೇಳಿ ತಮ್ಮ ಗಡಿಯಾರ ಸರಿಮಾಡಿಕೊಂಡವು. ಒಂದಾದರೂ ತಕರಾರು ಎತ್ತಲಿಲ್ಲ. ಎಲ್ಲವೂ ಒಪ್ಪಿದವು ಎಂದು ನಾನು ಹಿಗ್ಗಿದೆ — ಕೊಟ್ಟದ್ದು ಶಿರ್ವದ ಸಮಯ ಎಂಬುದು ನೆನಪಿಗೇ ಬರಲಿಲ್ಲ.

ಇಳಿಯುವಾಗ ಕರೀಂನಿಗೆ, ಎಸಿ ನಿಂತರೂ ಮುಟ್ಟಬೇಡ ಎಂದು ಹೇಳಿದೆ: "ಭಾಯಿ, ಎಸಿ ಬಂದ್ ಹೋಗಾ ತೋ ಭೀ ಮತ್ ಛೂನಾ. ಟೆಸ್ಟ್ ಹೈ." ಅವನು ಹೂಂ ಎಂದು ತಲೆಯಾಡಿಸಿದ.

ಒಂದೂವರೆಗೆ ಡಬ್ಬಿಗಳಿಗೆ ನಾಲ್ಕಾಯಿತು. ಆಗ ನಾನು ಕೆಳಗೆ ಕಾರಿನಲ್ಲಿ ಕೂತು ಮಗಳಿಗೆ ಫೋನ್ ಮಾಡುತ್ತಿದ್ದೆ. "ಮಮ್ಮಾ, ಟ್ಯೂಷನ್ ಇದೆ, ಲೇಟರ್ ಓಕೆ?" ಅಂದಳು. ಅಷ್ಟೇ ಮಾತು. ಮೇಲೆ ಕರೀಂ ಊಟ ಮಾಡಿ ಮಲಗಿದ್ದ. ಎಸಿ ನಿಂತಿತು. ಮುಟ್ಟಬೇಡ ಎಂದಿದ್ದರಲ್ಲ ಎಂದು ಮುಟ್ಟದೆ, ಅಂಥ ಆಗಸ್ಟ್ ಬಿಸಿಲಿನಲ್ಲಿ, ಆ ತಗಡಿನ ಮಾಡಿನ ಕೆಳಗೆ —

ಮೂರರ ಹೊತ್ತಿಗೆ ಅವನಿಗೆ ತಣ್ಣಗೆ ಮಜ್ಜಿಗೆ ಕೊಡಲೆಂದು ಮೇಲೆ ಹೋದವರು ನೀವು. ಪ್ರಜ್ಞೆ ತಪ್ಪಿದ್ದ ಅವನನ್ನು ಹೆಗಲ ಮೇಲೆ ಹೊತ್ತು ಲಿಫ್ಟಿಗೆ ತಂದವರೂ ನೀವೇ.

ಆಂಬುಲೆನ್ಸ್ ಹೊರಟ ಕೂಡಲೇ ನಾನು ಮೇಲೆ ಓಡಿದೆ. ಡಬ್ಬಿಯಲ್ಲಿ ಆರು ಗಂಟೆ ತೋರಿಸುತ್ತಿತ್ತು. ಕೈಯಲ್ಲಿದ್ದ ಫೋನಿನಲ್ಲಿ ಮೂರೂವರೆ. ನೋಡಿದ ತಕ್ಷಣ ಎಲ್ಲ ತಿಳಿಯಿತು. ಆದರೂ ಸದಾಶಿವಣ್ಣ, ಸಮಯ ತಿದ್ದಿದೆ. ಆ ದಿನದ ದಾಖಲೆ ಅಳಿಸಿದೆ. ಹನ್ನೆರಡು ಡಬ್ಬಿಗಳೂ ಮತ್ತೆ ನನ್ನ ಮಾತನ್ನೇ ಒಪ್ಪಿಕೊಂಡವು.

ಕೆಳಗೆ ನಮ್ಮ ಮುಖ್ಯಸ್ಥೆ, ಡಾಕ್ಟರ್ ಎಂದೇ ನಾವೆಲ್ಲ ಕರೆಯುವವರು, ಬಂದು ನಿಂತಿದ್ದರು. ನೀವೂ ಇದ್ದಿರಿ, ಕರೀಂನ ಬೆವರು ಇನ್ನೂ ನಿಮ್ಮ ಅಂಗಿಯ ಮೇಲಿತ್ತು. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಪ್ರೋಗ್ರಾಮಾ, ವೈರಿಂಗಾ?"

"ವೈರಿಂಗ್," ಎಂದೆ.

ನೀವು ನನ್ನ ಮುಖ ನೋಡಿದಿರಿ. ಬಾಯಮ್ಮ ಹೇಳಿದ ಮೇಲೆ ಹಾಗೇ ಇರಬೇಕು ಎಂದು ನಂಬಿದಿರಿ.

ಕರೀಂ ಉಳಿದ. ಆಸ್ಪತ್ರೆಯಿಂದ ಹೊರಬಂದವನು ತನ್ನ ದೇಶಕ್ಕೆ ಹೋದ. ನಿಮ್ಮ ಕಂಪನಿ ಖಲಾಸ್ ಎಂದು ಕೆಲಸದಿಂದ ತೆಗೆದು, ಇಲ್ಲಿರಲು ಬೇಕಾದ ನಿಮ್ಮ ಇಕಾಮಾ ರದ್ದು ಮಾಡಿತು. ಊರಿಗೆ ಹೊರಡುವ ಮುಂಚಿನ ಕೊನೆಯ ಶುಕ್ರವಾರ ಹೋಟೆಲಿನಲ್ಲಿ ನೀವು ಊಟ ಅರ್ಧಕ್ಕೆ ಬಿಟ್ಟು ಕೇಳಿದಿರಿ: "ಬಾಯಮ್ಮ, ಬೇಜಾರು ಮಾಡಬೇಡಿ. ಯಾವ ವೈರು ತಪ್ಪಿದ್ದು ಅಂತ ಅದೊಂದು ಹೇಳಿ. ಹದಿನೆಂಟು ವರ್ಷದಲ್ಲಿ ನನ್ನ ಕೈಯಲ್ಲಿ ಹಾಗೆ ಆದದ್ದಿಲ್ಲ. ಗೊತ್ತಾದರೆ ಇನ್ನು ಜಾಗ್ರತೆ ಮಾಡ್ಬಹುದಲ್ಲ?"

ನಾನು ಅಂದೆ: "ಬಿಡಿ ಸದಾಶಿವಣ್ಣ. ಆದದ್ದು ಆಯಿತು."

ಯಾಕೆ ಹಾಗೆ ಮಾಡಿದೆ ಎಂದು ಇಲ್ಲಿ ಒಂದು ಪುಟ ಬರೆದಿದ್ದೆ. ಓದಿ ನೋಡಿದರೆ ಬರೇ ನನ್ನ ವಕಾಲತ್ತು. ಹರಿದು ಹಾಕಿದೆ.

ನಮ್ಮ ಪ್ರಬಂಧ ಅಚ್ಚಾಯಿತು. ಅದರಲ್ಲಿ "ಅಳವಡಿಕೆಯ ಲೋಪ" ಎಂದು ಒಂದು ಸಾಲು ಇದೆ. ಆ ಸಾಲಿನಲ್ಲಿರುವುದು ನೀವು, ಹೆಸರಿಲ್ಲದೆ. ಆಮೇಲೆ ನಾನು ಫಹಾಹೀಲ್ ಬಿಟ್ಟು ಎಗೈಲಾದ ಮಾಲ್‌ನಲ್ಲಿ ಉಣ್ಣತೊಡಗಿದೆ. ಅಲ್ಲಿ ಎಷ್ಟೇ ಜನವಿದ್ದರೂ ನನ್ನ ಎದುರಿನ ಕುರ್ಚಿ ಖಾಲಿ. ಯಾರಾದರೂ ಬಂದು "ಇದು ತೆಗೆದುಕೊಳ್ಳಲೇ?" ಎಂದು ಕೇಳಿ ಅದನ್ನೂ ಒಯ್ಯುತ್ತಾರೆ. ಬಾಯಿಬಿಟ್ಟು ಒಂದು ಮಾತು ಕನ್ನಡ ಆಡದ ವಾರಗಳಿವೆ. ಮಗಳ ಫೋನೂ ಈಗ ಬರೇ ಮೆಸೇಜು. ಮೂರು ವರ್ಷವಾಯಿತು.

ಹೋದ ಶುಕ್ರವಾರ ಯಾಕೋ ತಡೆಯಲಾಗಲಿಲ್ಲ, ಹಳೆಯ ಹೋಟೆಲಿಗೇ ಹೋದೆ. ಬಡಿಸಲು ಬಂದವರು ನಿಮ್ಮ ಹೆಂಡತಿಯ ತಮ್ಮ ವಸಂತ. ನಿಮ್ಮನ್ನು ವಿಚಾರಿಸಿದೆ. ನೀರಿನ ಲೋಟ ಇಡುತ್ತಾ ಅವರು ಹೇಳಿದರು: "ಭಾವ ಈಗ ಕರೆಂಟಿನ ಕೆಲಸ ಮುಟ್ಟುದೇ ಇಲ್ಲ ಮೇಡಂ. ಮನೆಯ ಫ್ಯೂಸ್ ಹೋದ್ರೂ ಬೇರೆಯವರನ್ನು ಕರೀತಾರೆ. ನನ್ನ ಕೈಯನ್ನು ನಂಬ್ಲಿಕ್ಕೆ ಆಗುದಿಲ್ಲ, ಒಬ್ಬ ಸಾಯ್ತಿದ್ದ ಅಂತಾರೆ."

ನಿಮ್ಮ ಕೆಲಸ ಕಳೆದೆ ಎಂದಷ್ಟೇ ನಾನು ತಿಳಿದಿದ್ದೆ. ಕೆಲಸ ಇನ್ನೊಂದು ಸಿಕ್ಕೀತು ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡಿದ್ದೆ. ನಾನು ಕಸಿದದ್ದು ನಿಮ್ಮ ಕೈಯನ್ನೇ ಎಂದು ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಎಲ್ಲವನ್ನೂ ಬರೆದು ಡಾಕ್ಟರ್ ಕೈಗೆ ಕೊಟ್ಟೆ. ಓದಿದರು. ಪ್ರಯೋಗಾಲಯದ ಕೀಲಿ ಮೇಜಿನ ಮೇಲಿಟ್ಟು ಮನೆಗೆ ಹೋಗು, ಕರೆಯುತ್ತೇವೆ ಎಂದರು. ಬಂದು ಕೂತಿದ್ದೇನೆ. ಲ್ಯಾಪ್‌ಟಾಪ್ ಈಗ ನಾಲ್ಕು ತೋರಿಸುತ್ತಿದೆ. ಮಗಳು ಮನೆಗೆ ಬಂದಿರಬೇಕು. ಅವಳಿಗೆ ಆಮೇಲೆ ಹೇಳುತ್ತೇನೆ, ಮೊದಲು ನಿಮಗೆ. ನಾಳೆ ರಜೆಯಲ್ಲಿ ಊರಿಗೆ ಹೊರಡುವ ವಸಂತನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ. ಅಂದು ನೀವು ಕೇಳಿದ್ದಕ್ಕೆ ಉತ್ತರ ಮಾತ್ರ ಕೊಡುತ್ತೇನೆ. ಆವತ್ತು ಟೆರೇಸಿನಲ್ಲಿ ಸಮಯ ತಿದ್ದುವ ಮೊದಲು, ತಪ್ಪು ನಿಮ್ಮದೇ ಆಗಿರಲಿ ಎಂದು ಹಾರೈಸುತ್ತಾ, ನಾನು ಆ ಡಬ್ಬಿ ಬಿಚ್ಚಿ ಒಂದೊಂದೇ ವೈರನ್ನು ಎಳೆದು ನೋಡಿದ್ದೆ. ಕೆಂಪು, ಕಪ್ಪು, ಹಸಿರು. ಎಲ್ಲ ಅದರದರ ಜಾಗದಲ್ಲಿತ್ತು, ಸ್ಕ್ರೂಗಳು ಬಿಗಿಯಾಗಿದ್ದವು.

ಯಾವ ವೈರೂ ತಪ್ಪಿರಲಿಲ್ಲ, ಸದಾಶಿವಣ್ಣ.