ದಿಲ್ಲಿಯವರೆಲ್ಲ ಕಲ್ಕತ್ತಾಕ್ಕೆ ಹೋದ ಗುರುವಾರ

2005ರ ಜನವರಿ 27, ಬೆಳಿಗ್ಗೆ ಹತ್ತೂವರೆ. ಆರ್.ಕೆ.ಪುರಂನ ಒಂದು ಕೇಂದ್ರ ಸರ್ಕಾರಿ ಕಚೇರಿಯ ಎರಡನೇ ಮಹಡಿಯಲ್ಲಿ ಏಕನಾಥ ಕಾಗದದ ಕಂತೆಗೆ ದಬ್ಬಣ ಚುಚ್ಚಿದವರು ಹಾಗೇ ನಿಂತರು. ಅವರು ಅಲ್ಲಿನ ದಫ್ತರಿ. ಕಡತ ಹೊಲಿಯುವುದು, ಪುಟ ಜೋಡಿಸುವುದು ಅವರ ಕೆಲಸ. ಬೀದರ್ ಕಡೆಯವರು. ಆ ಕಚೇರಿಗೆ ಬಂದು ಮೂವತ್ತನಾಲ್ಕು ವರ್ಷವಾಗಿತ್ತು.

"ಅಕ್ಕೋರೆ," ಅಂದರು, ಪಕ್ಕದ ಮೇಜಿನ ಕಡೆ ತಿರುಗಿ. "ನಾ ಕಲ್ಕತ್ತಾಕ್ಕ ಯಾವಾಗ ಹೋದೆ?"

ಪಕ್ಕದ ಮೇಜು ಸ್ಟೆನೋಗ್ರಾಫರ್ ರತ್ನಪ್ರಭಾ ಅವರದು. ಹೊಸದುರ್ಗದಲ್ಲಿ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಪರೀಕ್ಷೆ ಬರೆದು, 1982ರಲ್ಲಿ ದೆಹಲಿಗೆ ಬಂದವರು. ಈಗ ವಯಸ್ಸು ನಲವತ್ತಾರು. ಕಚೇರಿಯ ಟೈಪ್‌ರೈಟರುಗಳನ್ನು ಹರಾಜು ಹಾಕಿದಾಗ ಎರಡು ವಾರದ ಕಂಪ್ಯೂಟರ್ ತರಬೇತಿಗೆ ಮೊದಲು ಹೆಸರು ಕೊಟ್ಟವರು ಅವರೇ. ಅಲ್ಲಿ ಕಲಿತದ್ದರಲ್ಲಿ ಅವರು ಮನಸೋತದ್ದು ಒಂದಕ್ಕೆ: ಫೈಂಡ್-ರಿಪ್ಲೇಸ್. ಒಂದು ಪದ ಹುಡುಕು, ಇನ್ನೊಂದನ್ನು ಇಡು. ಇಡೀ ಕಡತದಲ್ಲಿ, ಒಂದೇ ಗುಂಡಿಯಲ್ಲಿ. ಹದಿನೇಳು ವರ್ಷ ಬಿಳಿ ಬಣ್ಣ ಹಚ್ಚಿ, ಊದಿ ಒಣಗಿಸಿ, ಅದರ ಮೇಲೆ ಮತ್ತೆ ಅಕ್ಷರ ಕುಟ್ಟಿದವರಿಗೆ ಅದು ಎಂಥ ಬಿಡುಗಡೆ ಎಂಬುದನ್ನು ಅವರು ಕೇಳಿದವರಿಗೆಲ್ಲ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ಅದೇ ಗುಂಡಿ ಏಕನಾಥರನ್ನು ಕಲ್ಕತ್ತಾಕ್ಕೆ ಕಳಿಸಿತ್ತು.

ಆ ನಿರ್ದೇಶನಾಲಯಕ್ಕೆ ದೇಶದಲ್ಲಿ ಹನ್ನೆರಡು ವಲಯಗಳು. ಜನವರಿಯಲ್ಲಿ ಮೇಲಿನಿಂದ ಆದೇಶ ಬಂತು: ವಲಯಗಳ ಸಂಖ್ಯೆ ಬದಲಾಗಬೇಕು. ದೆಹಲಿಯ ಒಂದನೇ ವಲಯ ಇನ್ನು ನಾಲ್ಕನೆಯದು. ಕಲ್ಕತ್ತಾದ ನಾಲ್ಕನೆಯದು ಎರಡನೆಯದು. ನಾಗಪುರದ ಎರಡನೆಯದು ಒಂದನೆಯದು. ಹೀಗೆ ಹನ್ನೆರಡೂ. ಜ್ಯೇಷ್ಠತಾ ಪಟ್ಟಿಯಲ್ಲಿ 4,816 ಹೆಸರು, 212 ಪುಟ. ಪ್ರತಿ ಹೆಸರಿನ ಮುಂದೆ 'ವಲಯ-ಇಷ್ಟು' ಎಂದಿರುತ್ತಿತ್ತು. ಆ ಪಟ್ಟಿಯನ್ನು ನೋಡಿ ಬಡ್ತಿ ಕೊಡುವ ಸಮಿತಿ ಸೇರುವುದು ಶುಕ್ರವಾರ ಮಧ್ಯಾಹ್ನ ಮೂರಕ್ಕೆ.

ಏಕನಾಥರ ನಿವೃತ್ತಿ ಸೋಮವಾರ, ಮೂವತ್ತೊಂದಕ್ಕೆ. ಅವರು ನಲವತ್ತೊಂದನೇ ವಯಸ್ಸಿನಲ್ಲಿ ಖಾಸಗಿಯಾಗಿ ಕೂತು ಮೆಟ್ರಿಕ್ ಪಾಸು ಮಾಡಿದ್ದರು. ಮೆಟ್ರಿಕ್ ಆದ ದಫ್ತರಿಗಳಿಗೆ ಜ್ಯೇಷ್ಠತೆಯ ಮೇಲೆ ಕ್ಲರ್ಕ್ ಹುದ್ದೆ ಸಿಗುತ್ತದೆ. ದೆಹಲಿ ವಲಯದಲ್ಲಿ ಆ ವರ್ಷ ಖಾಲಿ ಇದ್ದದ್ದು ಒಂದೇ ಜಾಗ, ಸಾಲಿನಲ್ಲಿ ಮುಂದಿದ್ದವರು ಏಕನಾಥ. ಸಮಿತಿ ಶುಕ್ರವಾರ ಒಪ್ಪಿದರೆ ಸೋಮವಾರ ಆದೇಶ ಹೊರಡುತ್ತದೆ. ಅವರು ಒಂದು ದಿನದ ಮಟ್ಟಿಗೆ ಕ್ಲರ್ಕ್ ಆಗಿ ನಿವೃತ್ತರಾಗುತ್ತಾರೆ. ಪಟ್ಟಿ ಸರಿಯಿಲ್ಲದಿದ್ದರೆ ಸಮಿತಿ ಮತ್ತೆ ಸೇರುವುದು ಏಪ್ರಿಲ್‌ನಲ್ಲಿ.

ರತ್ನಪ್ರಭಾ ಪುಟ ನೋಡಿದರು. ಏಕನಾಥ, ವಲಯ-2. ಅವರ ಹಿಂದಿನವನೂ ವಲಯ-2. ಇಡೀ ಪಟ್ಟಿಯಲ್ಲಿ ವಲಯ-4 ಎಂಬುದೇ ಇರಲಿಲ್ಲ. ದೆಹಲಿಯ 611 ಜನರೂ ಕಲ್ಕತ್ತಾದ 387 ಜನರೂ ಒಂದೇ ಕಡೆ ಸೇರಿಹೋಗಿದ್ದರು.

ತಪ್ಪು ಎಲ್ಲಾಯಿತೆಂದು ಅವರಿಗೆ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಂಗಳವಾರ ಆದೇಶದ ಹಾಳೆ ಮುಂದಿಟ್ಟುಕೊಂಡು 'ಪೂರ್ತಿ ಪದ ಮಾತ್ರ' ಎಂದು ಗುರುತು ಹಾಕಿ, ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬದಲಿಸಿದ್ದರು. ಮೊದಲ ಸಾಲಿಗೆ ಒಂದು ನಾಲ್ಕಾಯಿತು. ನಾಲ್ಕನೇ ಸಾಲಿಗೆ ಬಂದಾಗ ನಾಲ್ಕನ್ನು ಎರಡು ಮಾಡಿದರು. ಆಗ ಹಳೆಯ ನಾಲ್ಕೂ ಹೋಯಿತು, ಆಗತಾನೆ ಹುಟ್ಟಿದ ಹೊಸ ನಾಲ್ಕೂ ಹೋಯಿತು. ಯಂತ್ರಕ್ಕೆ ಎರಡೂ ಒಂದೇ.

ವಿಭಾಗಾಧಿಕಾರಿ ಬತ್ರಾ ಸಾಹೇಬರು ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿಸಿಕೊಂಡರು. "ಮೇಡಂಜೀ, ಉಲ್ಟಾ ಮಾಡಿಬಿಡಿ. ಎರಡನ್ನ ಮತ್ತೆ ನಾಲ್ಕು ಮಾಡಿ."

"ಯಾವ ಎರಡನ್ನ ಸರ್? ಎರಡು ಡಬ್ಬಿ ತೊಗರಿಬೇಳೆ ಒಂದೇ ಪಾತ್ರೆಗೆ ಸುರಿದಾಗಿದೆ. ಯಾವುದು ಯಾವ ಡಬ್ಬಿದು ಅಂತ ಈಗ ಹೇಗೆ ಆರಿಸೋದು?"

"ಹಳೇ ಪ್ರತಿ?"

"ಫ್ಲಾಪಿಯಲ್ಲಿ ಭದ್ರವಾಗಿದೆ."

"ಅಚ್ಛಾ. ಹಾಗಾದರೆ ನಾಳೆ ಹನ್ನೆರಡಕ್ಕೆ ಸರಿಯಾದ ಪಟ್ಟಿ ನನ್ನ ಮೇಜಿನ ಮೇಲಿರಲಿ. 'ಪರಿಶೀಲಿಸಿದೆ' ಅಂತ ರುಜು ಹಾಕೋನು ನಾನು. ಇಲ್ಲದಿದ್ದರೆ ಏಪ್ರಿಲ್."

ಏಪ್ರಿಲ್ ಎಂಬ ಮಾತು ಕೇಳಿ ಏಕನಾಥ ದಬ್ಬಣವನ್ನು ರಟ್ಟಿಗೆ ಚುಚ್ಚಿಟ್ಟು ಚಹಾ ತರಲು ಹೊರಟರು. ಯಾರೂ ಚಹಾ ಕೇಳಿರಲಿಲ್ಲ.

ಊಟದ ಹೊತ್ತಿಗೆ ರತ್ನಪ್ರಭಾ ಎಂದಿನಂತೆ ಕೆಳಗಿನ ಹುಲ್ಲುಹಾಸಿಗೆ ಇಳಿದರು. ಚಳಿಗಾಲದಲ್ಲಿ ಆ ಕಚೇರಿಗಳ ಹೆಂಗಸರೆಲ್ಲ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಸ್ವೆಟರ್ ಹೆಣೆಯುತ್ತಾರೆ, ಕಡಲೆಕಾಯಿ ಬಿಡಿಸುತ್ತಾರೆ. ಹೊಸದುರ್ಗದಲ್ಲಿ ಸ್ವೆಟರನ್ನೇ ಹಾಕದಿದ್ದ ರತ್ನಪ್ರಭಾ ಹೆಣಿಗೆ ಕಲಿತದ್ದು ಇಲ್ಲೇ, ಮೊದಲ ಚಳಿಗಾಲದಲ್ಲಿ. ಈ ಸಲ ಮಗಳಿಗೊಂದು ಹೆಣೆಯುತ್ತಿದ್ದರು. ಹಿಂದಿ ಮಾಸಿಕವೊಂದರಲ್ಲಿ ಬಂದ ಚೌಕುಳಿ ನಕ್ಷೆ ಅದು: ಬಿಳಿ ನೆಲ, ನೀಲಿ ಹಕ್ಕಿಗಳು. ಮಗಳಿಗೆ ಬೇಕಾದದ್ದು ನೀಲಿ ನೆಲ, ಬಿಳಿ ಹಕ್ಕಿ.

"ಬಣ್ಣ ಅದಲುಬದಲು ಮಾಡಿದರೆ ತಲೆ ಕೆಡೋಲ್ವಾ?" ಪಕ್ಕದ ವಿಭಾಗದ ಪದ್ಮಾ ಕೇಳಿದರು.

"ಯಾಕೆ ಕೆಡುತ್ತೆ? ನಕ್ಷೆಯಲ್ಲಿ ಬಿಳಿ ಮನೆ ಬಂತೋ, ನೀಲಿ ದಾರ. ನೀಲಿ ಬಂತೋ, ಬಿಳಿ ದಾರ. ಕಣ್ಣು ನಕ್ಷೆ ಮೇಲೆ. ಹೆಣೆದಿದ್ದನ್ನ ತಿರುಗಿ ನೋಡೋದೇ ಇ—"

ಮಾತು ಅಲ್ಲಿಗೇ ನಿಂತಿತು. ರತ್ನಪ್ರಭಾ ಎದ್ದೇಬಿಟ್ಟರು. ನೀಲಿ ದಾರದ ಉಂಡೆ ಹುಲ್ಲಿನ ಮೇಲೆ ಉರುಳಿ ಹೋಗಿ ಯಾರದೋ ಕಡಲೆಕಾಯಿ ಸಿಪ್ಪೆಯಲ್ಲಿ ನಿಂತಿತು.

"ಏನಾಯ್ತ್ರೀ?"

"ಹೆಣೆದಿದ್ದನ್ನ ತಿರುಗಿ ನೋಡಬಾರದು ಪದ್ಮಾ! ಅಷ್ಟೇ! ನಾನು ಹೆಣೆದಿದ್ದನ್ನೇ ಬಿಚ್ಚಿ ಬಿಚ್ಚಿ ಹೆಣೆದಿದ್ದೀನಿ!"

ಗೇಟಿನ ಪಕ್ಕದ ಟೆಲಿಫೋನ್ ಬೂತಿನಿಂದ ಅವರು ಮಗಳ ಮೊಬೈಲಿಗೆ ಕರೆ ಮಾಡಿ ನಡೆದದ್ದನ್ನೆಲ್ಲ ಹೇಳಿದರು. ಅಪೂರ್ವ ಹೌಜ್ ಖಾಸ್ ಕಡೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಳು.

"ಅಮ್ಮಾ, ಸಿಂಪಲ್ ಹೈ ನಾ. ಮೊದಲು ಒಂದನ್ನ ಎಕ್ಸ್ ಮಾಡು. ಆಮೇಲೆ ನಾಲ್ಕನ್ನ ಎರಡು ಮಾಡು. ಕೊನೇಲಿ ಎಕ್ಸ್‌ನ ನಾಲ್ಕು ಮಾಡಿಬಿಡು."

"ಹನ್ನೆರಡಕ್ಕೂ? ಹನ್ನೆರಡು ಸಲ ಅಡಗಿಸಿಡೋದು, ಹನ್ನೆರಡು ಸಲ ತೆಗೆಯೋದು. ಒಂದು ತಪ್ಪಿದರೆ ಈ ಸಲ ಮದ್ರಾಸಿನವರು ಗುವಾಹಟಿಗೆ ಹೋಗ್ತಾರೆ. ಬೇಡ. ಹಳೇ ಪಟ್ಟಿನ ಮೊದಲಿಂದ ಒಂದೇ ಒಂದು ಸಲ ಓದಬೇಕು. ವಲಯ ಸಿಕ್ಕಿತೋ, ಆದೇಶದ ಹಾಳೆ ನೋಡು, ಹೊಸದನ್ನ ಬೇರೆ ಕಡತದಲ್ಲಿ ಬರಿ, ಮುಂದಕ್ಕೆ ಹೋಗು. ಬರೆದಿದ್ದರ ಕಡೆ ತಿರುಗಬಾರದು. ಹಾಗೆ ಬರೆಯೋಕೆ ಬರುತ್ತಾ?"

"ಅಮ್ಮಾ, ಇದು ನಿಂಗೆ ಯಾರು ಹೇಳಿದ್ದು?"

"ನಿನ್ನ ಸ್ವೆಟರ್. ಆಟೋ ಹಿಡಿದು ಬಾ."

ಅಪೂರ್ವ ಎರಡೂವರೆಗೆ ಬಂದಳು. ಗೇಟಿನಲ್ಲಿ ಪಾಸು ಬರೆಸಿ ಮೇಲೆ ಬಂದವಳನ್ನು ಬತ್ರಾ ಸಾಹೇಬರು ಬಾಗಿಲಲ್ಲೇ ತಡೆದರು.

"ಬೇಟಿ, ಕೂತ್ಕೋ, ಚಹಾ ಕುಡಿ. ಆದರೆ ಸರ್ಕಾರಿ ಕಂಪ್ಯೂಟರನ್ನ ಹೊರಗಿನವರು ಮುಟ್ಟೋ ಹಾಗಿಲ್ಲ."

"ಮುಟ್ಟಲ್ಲ ಅಂಕಲ್. ಬಾಯಲ್ಲಿ ಹೇಳಬಹುದಾ?"

ಬತ್ರಾ ಯೋಚಿಸಿದರು. ಬಾಯಲ್ಲಿ ಹೇಳಬಾರದೆಂಬ ಸುತ್ತೋಲೆ ಯಾವುದೂ ಅವರ ನೆನಪಿಗೆ ಬರಲಿಲ್ಲ.

ಹೀಗಾಗಿ ಮಗಳು ಹಿಂದಿನ ಕುರ್ಚಿಯಲ್ಲಿ ಕೂತು ಪ್ರೋಗ್ರಾಂನ ಸಾಲುಗಳನ್ನು ಹೇಳಿದಳು, ತಾಯಿ ಟೈಪು ಮಾಡಿದರು. ಇಪ್ಪತ್ತಮೂರು ವರ್ಷ ಅಧಿಕಾರಿಗಳ ಮಾತನ್ನು ಬಾಯಿಂದ ಬೀಳುವ ಮೊದಲೇ ಹಿಡಿದ ಬೆರಳುಗಳು ಅವು. ಅಪೂರ್ವಳ ನಾಲಿಗೆ ಹಿಂದೆ ಬಿತ್ತು.

"ಅಮ್ಮಾ, ರುಕೋ! ನಾನಿನ್ನೂ ಯೋಚನೆ ಮಾಡ್ತಿದೀನಿ!"

"ಯೋಚನೆ ಮಾಡಿ ಆದಮೇಲೆ ಬಾಯಿಬಿಡು. ನಮ್ಮ ಡೈರೆಕ್ಟರಿಗೂ ನಾನು ಇದೇ ಹೇಳೋದು."

ಮೂವತ್ತೊಂದು ಸಾಲಾಯಿತು. ಏಕನಾಥ ಅಷ್ಟರಲ್ಲಿ ಮೂರನೇ ಸುತ್ತಿನ ಚಹಾ ತಂದು ಗೋಡೆಗೊರಗಿ ನಿಂತಿದ್ದರು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ರತ್ನಪ್ರಭಾ ಗುಂಡಿ ಒತ್ತಿದರು. ಪರದೆಯಲ್ಲಿ ಹೊಸ ಕಡತ ತೆರೆದುಕೊಂಡಿತು. ಮೊದಲ ಪುಟದಲ್ಲೇ ದೆಹಲಿಯವರು ನಾಲ್ಕರಲ್ಲಿದ್ದರು, ಕಲ್ಕತ್ತಾದವರು ಎರಡರಲ್ಲಿದ್ದರು. ಅಪೂರ್ವ ಚಪ್ಪಾಳೆ ತಟ್ಟಿದಳು.

ರತ್ನಪ್ರಭಾ ತಟ್ಟಲಿಲ್ಲ. ಬೆರಳಿಟ್ಟು ಎಣಿಸುತ್ತಿದ್ದರು. ಏಳನೇ ಪುಟದಲ್ಲಿ ಬೆರಳು ನಿಂತಿತು.

"ವಲಯ ನಲವತ್ತೊಂದು. ಇದ್ಯಾವ ದೇಶದ್ದು?"

ಅಪೂರ್ವ ಬಗ್ಗಿ ನೋಡಿದಳು. ಹಳೆಯ ಪಟ್ಟಿಯಲ್ಲಿ ಅದು ವಲಯ-11. ಪ್ರೋಗ್ರಾಂ ಮೊದಲ 'ವಲಯ-1' ಕಂಡಕೂಡಲೇ ಅದನ್ನು ವಲಯ-4 ಎಂದು ಬರೆದಿತ್ತು, ಉಳಿದ ಒಂದನ್ನು ಹಾಗೇ ಪಕ್ಕಕ್ಕೆ ಇಟ್ಟಿತ್ತು. ಹತ್ತು ನಲವತ್ತಾಗಿತ್ತು, ಹನ್ನೆರಡು ನಲವತ್ತೆರಡಾಗಿತ್ತು.

"ಹಾಯ್ ರಾಮ್," ಅಂದಳು ಅಪೂರ್ವ.

ಏಕನಾಥ ಮುಂದೆ ಬಂದರು. ಚಹಾದ ತಟ್ಟೆ ಇನ್ನೂ ಕೈಯಲ್ಲೇ ಇತ್ತು. "ತಂಗೀ, ನಾ ಫೈಲು ಜೋಡಿಸೋವಾಗ ದೊಡ್ಡ ಹಾಳಿ ಮೊದಲು ತೆಗೀತೀನಿ. ಸಣ್ಣದು ಮೊದಲು ಹಿಡಿದ್ರ ದೊಡ್ಡದು ಹರೀತದ."

ತಾಯಿ, ಮಗಳು ಒಬ್ಬರನ್ನೊಬ್ಬರು ನೋಡಿದರು. ಮೊದಲು ಹನ್ನೆರಡು, ಹನ್ನೊಂದು, ಹತ್ತನ್ನು ಹುಡುಕು. ಅವು ಯಾವುದೂ ಅಲ್ಲದಿದ್ದರೆ ಮಾತ್ರ ಒಂದು. ರತ್ನಪ್ರಭಾ ಆದೇಶದ ಸಾಲುಗಳನ್ನು ಪ್ರೋಗ್ರಾಂನಲ್ಲಿ ಮೇಲೆಕೆಳಗೆ ಮಾಡಿದರು. ನಾಲ್ಕೂ ಇಪ್ಪತ್ತಕ್ಕೆ ಮತ್ತೆ ಗುಂಡಿ ಒತ್ತಿದರು.

ಈ ಸಲ ಅವರು ಮಗಳಿಗೆ ಪರದೆ ನೋಡಲು ಬಿಡಲಿಲ್ಲ. ಹಳೆಯ ಪಟ್ಟಿಯಲ್ಲಿ ಪ್ರತಿ ವಲಯದ ಜನರನ್ನು ಎಣಿಸಿ ಚೀಟಿಯಲ್ಲಿ ಬರೆದಿಟ್ಟಿದ್ದರು. ಆ ಚೀಟಿಯನ್ನು ಅವಳ ಕೈಗೆ ಕೊಟ್ಟು ಒಂದೊಂದೇ ಓದಿಸಿ, ಪರದೆಯ ಎಣಿಕೆಯನ್ನು ತಾವು ಹೇಳಿದರು.

"ಹಳೇ ಒಂದು?"

"ಆರುನೂರ ಹನ್ನೊಂದು."

"ಹೊಸ ನಾಲ್ಕು, ಆರುನೂರ ಹನ್ನೊಂದು! ಮುಂದೆ!"

"ಹಳೇ ನಾಲ್ಕು, ಮುನ್ನೂರ ಎಂಬತ್ತೇಳು."

"ಹೊಸ ಎರಡು, ಮುನ್ನೂರ ಎಂಬತ್ತೇಳು! ಮುಂದೆ!"

ದನಿ ಏರುತ್ತ ಹೋಯಿತು. ಪಕ್ಕದ ವಿಭಾಗದವರು ಬಾಗಿಲಿಗೆ ಬಂದು ನಿಂತರು. ಪದ್ಮಾ ನೀಲಿ ಉಂಡೆಯನ್ನು ಎತ್ತಿಕೊಂಡು ಬಂದಿದ್ದರು, ಕೊಡುವುದನ್ನು ಮರೆತು ಅವರೂ ಎಣಿಕೆಗೆ ದನಿಗೂಡಿಸಿದರು. ಹನ್ನೆರಡನೆಯದೂ ಸರಿಹೊಂದಿದಾಗ ಒಟ್ಟು ಮೊತ್ತ 4,816. ಒಬ್ಬರೂ ಹೆಚ್ಚಿಲ್ಲ, ಒಬ್ಬರೂ ಕಡಿಮೆಯಿಲ್ಲ.

"ಮೇಡಂಜೀ," ಅಂದರು ಬತ್ರಾ, "ಇದು ಸರ್ಕಾರಿ ಕಚೇರಿ. ಕ್ರಿಕೆಟ್ ಮೈದಾನ ಅಲ್ಲ." ಆದರೆ ಚೀಟಿಯನ್ನು ಕೇಳಿ ಪಡೆದು, ಹನ್ನೆರಡು ಸಂಖ್ಯೆಗಳನ್ನೂ ತಾವೇ ಮತ್ತೊಮ್ಮೆ ತಾಳೆ ನೋಡಿದರು. ಶುಕ್ರವಾರ ಹನ್ನೊಂದೂಕಾಲಿಗೆ, ಹೇಳಿದ್ದಕ್ಕಿಂತ ಮುಕ್ಕಾಲು ಗಂಟೆ ಮೊದಲೇ, 'ಪರಿಶೀಲಿಸಿದೆ' ಎಂದು ರುಜು ಹಾಕಿದರು. 212 ಪುಟಗಳನ್ನು ಏಕನಾಥರೇ ಹೊಲಿದು ಸಮಿತಿಯ ಕೋಣೆಗೆ ಮುಟ್ಟಿಸಿದರು.

ಸೋಮವಾರ ಹನ್ನೊಂದು ನಲವತ್ತಕ್ಕೆ ಆದೇಶ ಬಂತು. ಏಕನಾಥ, ವಲಯ-4, ಕಿರಿಯ ಕ್ಲರ್ಕ್. ಅವರಿಗೆ ಕಿಟಕಿಯ ಬಳಿ ಒಂದು ಮೇಜು ಕೊಟ್ಟರು, ಬಂದ ಪತ್ರಗಳನ್ನು ದಾಖಲಿಸುವ ದಪ್ಪ ಪುಸ್ತಕ ಕೊಟ್ಟರು. ಅವರು ಊಟಕ್ಕೆ ಏಳದೆ ಬರೆದರು.

ನಾಲ್ಕಕ್ಕೆ ಬೀಳ್ಕೊಡುಗೆ. ಸಮೋಸ, ಚೆಂಡುಹೂವಿನ ಹಾರ. ಬತ್ರಾ ಸಾಹೇಬರು ಎದ್ದು ನಿಂತು ಭಾಷಣ ಶುರುಮಾಡಿದರು. "ನಮ್ಮ ಹಿರಿಯ ದಫ್ತರಿ, ಶ್ರೀ ಏಕನಾಥ್‌ಜೀ..."

"ಕ್ಲರ್ಕ್, ಸರ್," ಅಂದರು ಏಕನಾಥ ಕೂತಲ್ಲಿಂದಲೇ.

ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವರು ರತ್ನಪ್ರಭಾ. ಬತ್ರಾ ಕೂಡ ನಕ್ಕು ಕೈಮುಗಿದರು. "ಗಲತಿ ಆಯ್ತು. ನಮ್ಮ ಕ್ಲರ್ಕ್ ಸಾಹೇಬರು."

ಏಕನಾಥ ಸಮೋಸ ಅರ್ಧಕ್ಕೇ ಬಿಟ್ಟು ಎದ್ದರು. ಐದೂವರೆಯೊಳಗೆ ಪುಸ್ತಕಕ್ಕೇರಬೇಕಾದ ಮೂರು ಪತ್ರ ಇನ್ನೂ ಉಳಿದಿದ್ದವು.