ಬಾಳೆಮೀನು ಬರುವ ನೀರು

ಮಳೆಗಾಲದ ಮೊದಲಿಗೆ ಇಲ್ಲಿ ಜೇವರ್ಗಿಯ ನಲ್ಲಿಯಲ್ಲಿ ಕದಡಿದ ನೀರು ಬಂದರೆ ಮನೆಯವರೆಲ್ಲ ಮುಖ ಸಿಂಡರಿಸುತ್ತಾರೆ. ನಾನು ಮಾತ್ರ ಕೊಡದ ಮೇಲೆ ಬಾಗಿ ಅದರ ವಾಸನೆ ಎಳೆದುಕೊಳ್ಳುತ್ತ ನಿಲ್ಲುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಎರೆಮಣ್ಣು, ಕೊಳೆತ ಹುಲ್ಲು, ಮೀನಿನ ಲೋಳೆ ಕೂಡಿದ ಆ ಹೊಸನೀರಿನ ವಾಸನೆ ನನ್ನನ್ನು ಅಫಜಲಪುರದ ಕಡೆಯ ಭೀಮಾ ದಂಡೆಗೆ, ನಮ್ಮ ಅಜ್ಜ ಮುತ್ಯಾನ ಮನೆಯ ಹಿತ್ತಿಲ ಬಾಗಿಲಿಗೆ ಕರೆದೊಯ್ದು ನಿಲ್ಲಿಸುತ್ತದೆ. ಅಲ್ಲಿ ದೊಡ್ಡವ್ವ ತಂಬಿಗೆ ಹಿಡಿದು ನಿಂತಿರುತ್ತಾಳೆ.

ನಮ್ಮದು ಹೊಳೆಯಲ್ಲಿ ನಾವೆ ನಡೆಸುವವರ ಮನೆ. ದೊಡ್ಡಪ್ಪ ಸಂಜೆ ನಾವೆ ಕಟ್ಟಿ, ಹಿತ್ತಿಲ ಹುಲ್ಲಿಗೆ ಏರಿದ ಮೊಣಕಾಲುದ್ದ ನೀರಿನಲ್ಲಿ ಸಪ್ಪಳ ಮಾಡುತ್ತ ನಡೆದು ಬರುತ್ತಿದ್ದನಂತೆ. ಅದು ಕೇಳಿದೊಡನೆ ದೊಡ್ಡವ್ವ ಕಾಲಿಗೆ ನೀರು ತರುತ್ತಿದ್ದಳಂತೆ. ನಾನು ಹುಟ್ಟುವ ಮುಂಚಿನ ಒಂದು ಮಳೆಗಾಲದಲ್ಲಿ ಆಚೆ ದಂಡೆಯ ಮಂದಿಯನ್ನು ಕರೆತರಲು ಹೋದವನು ತಿರುಗಿ ಬರಲಿಲ್ಲ. ನಾವೆ ಜಾಲಿಮರಕ್ಕೆ ಸಿಕ್ಕಿಕೊಂಡಿತ್ತು, ಅವನು ಸಿಗಲಿಲ್ಲ. ಹೆಣ ಕಾಣುವವರೆಗೆ ಬಳೆ ಒಡೆಯಲು ಬಿಡುವುದಿಲ್ಲ ಎಂದು ದೊಡ್ಡವ್ವ ಹಟ ಹಿಡಿದಳು. ನಾನು ಕಂಡಾಗಲೂ ಅವಳ ಕೈತುಂಬ ಹಸಿರು ಬಳೆಗಳಿದ್ದವು.

ನಾನು ಚಿಕ್ಕವಳಿದ್ದ ಎಪ್ಪತ್ತರ ದಶಕದ ಮಳೆಗಾಲಗಳಲ್ಲಿ ಹೊಳೆಗೆ ಮೊದಲ ನೀರು ಬಂದಾಗ ಬಾಳೆಮೀನುಗಳು ಅದೇ ಹುಲ್ಲಿಗೆ ಬರುತ್ತಿದ್ದವು. ಉದ್ದ ಮೀಸೆ, ಸೀಳುಬಾಯಿ, ಸಾಲುಸಾಲು ಮೊನಚು ಹಲ್ಲು. ಇದನ್ನು ಸಿಹಿನೀರಿನ ಶಾರ್ಕ್ ಅನ್ನುತ್ತಾರೆಂದು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಬೇಸಿಗೆಯಿಡೀ ಮಡುವಿನ ತಳ ಬಿಟ್ಟೇಳದ, ತನ್ನ ಜಾತಿಯ ಮರಿಯನ್ನೂ ನುಂಗುವ ಆ ಮೀನು ಹೊಸನೀರಿಗೆ ಮಾತ್ರ ಜೋಡಿಯಾಗಿ ತೆಳುನೀರಿಗೆ ಏರುತ್ತಿತ್ತು. ಹೊಟ್ಟೆ ಉಬ್ಬಿದ ಹೆಣ್ಣಿಗೆ ಗಂಡು ಸುತ್ತಿಕೊಂಡು, ಎರಡೂ ಬಾಲ ಬಡಿಯುತ್ತ, ಹುಲ್ಲಿನ ಬುಡಕ್ಕೆ ತತ್ತಿ ಚೆಲ್ಲಿ ಮತ್ತೆ ಮಡುವಿಗೆ ಇಳಿಯುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಕೇಳುತ್ತಿದ್ದ ಆ ಸಪ್ಪಳ ಥೇಟ್ ಮನುಷ್ಯ ನೀರಿನಲ್ಲಿ ನಡೆದು ಬಂದ ಹಾಗೆ. “ನಿಮ್ಮ ದೊಡ್ಡಪ್ಪ ಬರಾಕತ್ತಾರ, ತಂಬಿಗಿ ತಾರವ್ವಾ,” ಎನ್ನುತ್ತಿದ್ದಳು ದೊಡ್ಡವ್ವ. ನಾನು ತಂದುಕೊಡುತ್ತಿದ್ದೆ. ಆ ನೀರಿನಲ್ಲಿ ಯಾರೋ ಇದ್ದಾರೆಂದು ನನಗೂ ಅನಿಸುತ್ತಿತ್ತು. ತತ್ತಿ ಇಡುವ ಮೀನಿಗೆ ಬಲೆ ಹಾಕಬಾರದೆಂಬುದು ದಂಡೆಯ ಕಟ್ಟಳೆ. ಮುತ್ಯಾ ಅದಕ್ಕೆ ಇನ್ನೊಂದು ಸೇರಿಸಿದ್ದ. “ಅವು ಮೀನ ಅಂತ ಆಕಿ ಮುಂದ ಯಾರೂ ಅನಬ್ಯಾಡ್ರಿ.”

ಆಮೇಲೆ ಮೇಲ್ಗಡೆ ಹೊಳೆಗೆ ಒಡ್ಡುಗಳಾದವು, ಮೊದಲ ನೀರು ಅಲ್ಲೇ ನಿಂತಿತು. ಒಂದು ವರ್ಷ ಆಷಾಢ ಮುಗಿದರೂ ಹಿತ್ತಿಲ ಹುಲ್ಲಿಗೆ ಹೊಳೆ ಏರಲೇ ಇಲ್ಲ. ದೊಡ್ಡವ್ವ ದಿನಾ ಸಂಜೆ ತಂಬಿಗೆ ಹಿಡಿದು ನಿಂತಳು. ಕಡೆಗೊಂದು ಸಂಜೆ ನೀರನ್ನು ಹೊಸ್ತಿಲ ಹೊರಗೆ ಚೆಲ್ಲಿ, ಬಾಗಿಲು ಹಾಕಿ, ಮುತ್ಯಾನ ಮುಂದೆ ಕೂತು ಬಳೆ ಕಳಚತೊಡಗಿದಳು.

“ಅವು ಮೀನ ಅಂತ ನನಗೂ ಗೊತ್ತಿತ್ರಿ ಮಾವಾ,” ಅಂದಳು. “ಅವು ವರ್ಷಾ ಬರೂತನಾ ಇವರೂ ಬರ್ತಾರಂತ ಕುಂತಿದ್ದೆ.”

ಮುತ್ಯಾ ಟವೆಲಿನಿಂದ ಮುಖ ಮುಚ್ಚಿಕೊಂಡ. ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ಆ ಮನೆಯೂ ಇಲ್ಲ, ಅವರಿಬ್ಬರೂ ಇಲ್ಲ. ನಲ್ಲಿಯ ನೀರು ತಿಳಿಯಾಗುವವರೆಗೆ ನಾನು ದಿನಾ ಸಂಜೆ ಒಂದು ತಂಬಿಗೆ ತುಂಬಿ ಹಿಂದಿನ ಬಾಗಿಲ ಬಳಿ ಇಡುತ್ತೇನೆ. ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಕಾಲು ತೊಳೆಯಲಿಕ್ಕೆ ಅನ್ನುತ್ತೇನೆ.